ಟರ್ನ್ ಅಪ್ ಎಂದರೆ

ನರಸಿಂಹರಾಜಪುರ
9 ಆಗಸ್ಟ್ 2004

ಮಾನ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನನ್ನ ಹೆಸರು ನೀಲಾಂಬಿಕೆ. ಇಲ್ಲಿ ಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಗಂಡಸರ ಬಟ್ಟೆಯನ್ನೂ ಹೊಲಿಯುತ್ತೇನೆ. ವಾರಪತ್ರಿಕೆಯಲ್ಲಿ ನೀವು ಬರೆಯುವ 'ಇಂಗ್ಲಿಷ್ ಎಂಬ ಕಬ್ಬಿಣದ ಕಡಲೆ' ಅಂಕಣವನ್ನು ಕತ್ತರಿಸಿ ಅಳತೆ ಪುಸ್ತಕದಲ್ಲಿ ಅಂಟಿಸಿಡುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದವಳು ನಾನು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಳೆದ ಶುಕ್ರವಾರ ನೀವು 'ಟರ್ನ್ ಅಪ್' ಎಂದರೆ ಬರುವುದು, ಹಾಜರಾಗುವುದು ಎಂದು ಬರೆದಿದ್ದೀರಿ. ಅದು ಅಚ್ಚಿನ ತಪ್ಪಲ್ಲ ತಾನೆ? ನಮ್ಮ ಕಸುಬಿನಲ್ಲಿ ಟರ್ನ್ ಅಪ್ ಎಂದರೆ ಪ್ಯಾಂಟಿನ ಕಾಲಿನ ತುದಿಯನ್ನು ಹೊರಗಡೆಯಿಂದ ಮೇಲಕ್ಕೆ ಮಡಿಸಿ ಹೊಲಿಯುವುದು. ನನಗೆ ಹೊಲಿಗೆ ಕಲಿಸಿದವರು ಗಿರಾಕಿಯ ಚೀಟಿಯ ಮೇಲೆ ಹಾಗೇ ಬರೆಯುತ್ತಿದ್ದರು. ನನಗೆ ಗೊತ್ತಿದ್ದದ್ದು ಆ ಒಂದೇ ಅರ್ಥ.

ಅದರ ಮುಂಚೆ 'ಪ್ಲೀಸ್' ಎಂದು ಸೇರಿಸಿದ್ದರೆ ಆಗ ಯಾವ ಅರ್ಥ ಬರುತ್ತದೆ ಎಂದು ದಯವಿಟ್ಟು ತಿಳಿಸಬೇಕು. ಪತ್ರಿಕೆಯಲ್ಲಿ ಹಾಕುವುದು ಬೇಡ. ಸ್ಟಾಂಪು ಹಚ್ಚಿದ ಕವರು ಒಳಗಿದೆ. ಸ್ವಲ್ಪ ಬೇಗ ಬರೆಯಿರಿ.

ಇಂತಿ,
ನೀಲಾಂಬಿಕೆ


ಕೊಪ್ಪ
14 ಆಗಸ್ಟ್ 2004

ಚಿ. ನೀಲಾಂಬಿಕೆಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿ ಎಷ್ಟು ಖುಷಿಯಾಯಿತು ಎಂದರೆ ಎರಡನೇ ಲೋಟ ಕಾಫಿ ಕೇಳಿ ಮನೆಯಲ್ಲಿ ಬೈಸಿಕೊಂಡೆ. ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ನನ್ನ ಅಂಕಣ ಓದಿ ಇದುವರೆಗೆ ಯಾರೂ ಒಂದು ಪ್ರಶ್ನೆ ಕೇಳಿದ್ದಿಲ್ಲ. ಕೇಳಿದವಳು ನೀನೊಬ್ಬಳು, ಅದೂ ನನ್ನ ತಪ್ಪು ಹಿಡಿಯಲು ಬಂದವಳು!

ತಪ್ಪು ನನ್ನದೇ ಎನ್ನಬೇಕು. ಜೀವನಪೂರ್ತಿ ಪಂಚೆ ಉಟ್ಟ ನನಗೆ ಪ್ಯಾಂಟಿನ ತುದಿಯ ಸಂಗತಿ ಹೇಗೆ ಗೊತ್ತಾಗಬೇಕು? ಅಟ್ಟದ ಮೇಲಿದ್ದ ದೊಡ್ಡ ನಿಘಂಟು ಇಳಿಸಿ ನೋಡಿದೆ. ನಿನ್ನ ಅರ್ಥ ಅದರಲ್ಲಿದೆ, ಎಲ್ಲಕ್ಕಿಂತ ಕೊನೆಯಲ್ಲಿ. ಮೊದಲನೆಯದು, ಬರುವುದು, ಅದರಲ್ಲೂ ಬರುತ್ತಾರೋ ಇಲ್ಲವೋ ಎಂದುಕೊಂಡಿರುವಾಗ ಬಂದು ನಿಲ್ಲುವುದು. ಆಮೇಲೆ, ಕಳೆದುಹೋದದ್ದು ತಾನಾಗಿ ಸಿಗುವುದು. ತಪ್ಪಿಸಿಕೊಂಡ ದನ ವಾರದ ಮೇಲೆ ಕೊಟ್ಟಿಗೆ ಮುಂದೆ ನಿಂತಿದ್ದರೆ ಅದಕ್ಕೂ ಇದೇ ಮಾತು. ರೇಡಿಯೋದ ಸದ್ದು ಏರಿಸುವುದಕ್ಕೂ ಇದೇ. ಇಂಗ್ಲಿಷಿನವರು ಕ್ರಿಯಾಪದಕ್ಕೆ ಒಂದು ಬಾಲ ಕಟ್ಟಿ ಬಿಟ್ಟರೆ ಅದು ಯಾವ ಬೇಲಿ ಹಾರುತ್ತದೆ ಎಂದು ಹೇಳಲಾಗದು.

ಗುರುತು ಹಿಡಿಯುವುದು ಸುಲಭ. ಮಾತಿನ ಜೊತೆಗೆ ಪ್ಯಾಂಟೋ ರೇಡಿಯೋನೋ ಹೆಸರಿಟ್ಟು ಹೇಳಿದ್ದರೆ ಅದನ್ನು ಮಡಿಸು ಅಥವಾ ಏರಿಸು. ಯಾವ ವಸ್ತುವಿನ ಹೆಸರೂ ಇಲ್ಲದೆ ಬರಿಯ 'ಪ್ಲೀಸ್ ಟರ್ನ್ ಅಪ್' ಎಂದಿದ್ದರೆ, ಬನ್ನಿ ಎಂದೇ ಅರ್ಥ. ಅನುಮಾನವೇ ಇಲ್ಲ.

ಬೇಗ ಎಂದಿದ್ದೀ. ಯಾವ ಪರೀಕ್ಷೆ ಕಟ್ಟಿದ್ದೀಯ?

ಶುಭ ಕೋರುವ,
ವೃಷಭೇಂದ್ರಪ್ಪ


ನರಸಿಂಹರಾಜಪುರ
23 ಆಗಸ್ಟ್ 2004

ಮೇಷ್ಟ್ರಿಗೆ ನಮಸ್ಕಾರ.

ಪರೀಕ್ಷೆ ಏನೂ ಇಲ್ಲ. ನನಗೆ ಮೂವತ್ತಾರು ವಯಸ್ಸು. ನೀವು ಚಿಕ್ಕವಳೆಂದು ತಿಳಿದು ಬರೆದದ್ದಕ್ಕೆ ಬೇಸರವಿಲ್ಲ. ಮನೆಯಲ್ಲಿ ಅವ್ವ ಬಿಟ್ಟರೆ ಹಾಗೆ ಮಾತಾಡಿಸುವವರು ಯಾರೂ ಉಳಿದಿಲ್ಲ.

ಇನ್ನೊಂದು ಪ್ರಶ್ನೆ. ಚೀಟಿಯಲ್ಲಿ ಪ್ಯಾಂಟಿನ ಹೆಸರಿಲ್ಲ, ಆದರೆ ಚೀಟಿ ಇದ್ದದ್ದೇ ಪ್ಯಾಂಟಿನ ಜೇಬಿನಲ್ಲಿ. ಓದುವವಳು ಟೈಲರು. ಆಗಲೂ ನಿಮ್ಮ ನಿಯಮವೇ ನಡೆಯುತ್ತದೆಯೇ? ಮತ್ತೆ, ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ? ಹಿರಿಯರಿಗೆ ಹೇಳುವಂಥದ್ದೋ, ಸಲಿಗೆಯಲ್ಲಿ ಆಡುವಂಥದ್ದೋ? ಬರದಿದ್ದರೂ ಪರವಾಗಿಲ್ಲ ಎನ್ನುವ ಹಾಗಿನ ಮಾತೋ, ಬರಲೇಬೇಕು ಎನ್ನುವಂಥದ್ದೋ?

ಒಂದು ಮಾತಿಗೆ ಇಷ್ಟು ಪ್ರಶ್ನೆಯೇ ಎಂದುಕೊಳ್ಳಬೇಡಿ.

ಇಂತಿ,
ನೀಲಾಂಬಿಕೆ


ಕೊಪ್ಪ
30 ಆಗಸ್ಟ್ 2004

ಶ್ರೀಮತಿ ನೀಲಾಂಬಿಕೆಯವರಿಗೆ,

ಏಕವಚನದಲ್ಲಿ ಬರೆದದ್ದಕ್ಕೆ ಕ್ಷಮೆ ಇರಲಿ. ಶ್ರೀಮತಿ ಎಂದದ್ದೂ ತಪ್ಪಾಗಿದ್ದರೆ ಇನ್ನೊಂದು ಸಲ ಕ್ಷಮಿಸಿ.

ಪ್ಯಾಂಟಿನ ಜೇಬಿನ ಚೀಟಿ! ನೀವು ಪ್ರಶ್ನೆ ಪತ್ರಿಕೆ ತೆಗೆಯಲು ಕೂತರೆ ನಮ್ಮ ಇಲಾಖೆಯವರೆಲ್ಲ ನಪಾಸು. ಅಲ್ಲಿ ಎರಡೂ ಅರ್ಥ ನಡೆಯುತ್ತದೆ ಎಂದೇ ಹೇಳಬೇಕು. ಬರೆದವನ ಮನಸ್ಸಿನಲ್ಲಿ ಏನಿತ್ತು ಎನ್ನುವುದು ವ್ಯಾಕರಣಕ್ಕೆ ಸಿಗುವುದಿಲ್ಲ.

ಇದು ಸಲಿಗೆಯ ಮಾತು. ತಹಶೀಲ್ದಾರರಿಗೆ ಬರೆಯುವ ಅರ್ಜಿಯಲ್ಲಿ ಹಾಕಿದರೆ ಅರ್ಜಿ ಕಸದ ಬುಟ್ಟಿಗೆ. ನಮ್ಮಲ್ಲೂ ಇಲ್ಲವೇ? 'ಬನ್ನಿ' ಬೇರೆ, 'ಬಂದುಬಿಡಿ' ಬೇರೆ. ಬನ್ನಿ ಎಂದರೆ ಬಾಗಿಲ ತನಕ. ಬಂದುಬಿಡಿ ಎಂದರೆ ಅಲ್ಲಿದ್ದದ್ದನ್ನೆಲ್ಲ ಅಲ್ಲೇ ಬಿಟ್ಟು ಬರುವುದು.

ಈ ಮಾತಿನ ಮೇಲೆ ನನಗೆ ಮೊದಲಿಂದಲೂ ಒಂದು ಮೋಹ. ಹದಿಮೂರು ವರ್ಷದ ಕೆಳಗೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಯಾರಿಗೋ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಬೇಕಂತೆ. "ಎಂತಕ್ಕೋ ಇಂಗ್ಲಿಷು? ಕನ್ನಡದಲ್ಲಿ ಬರಿ ಮಾರಾಯ" ಎಂದೆ. "ಕನ್ನಡ ಆದ್ರೆ ಅವ್ರ ಅವ್ವ ಓದ್ತಾರೆ ಸಾರ್. ಅವ್ವಂಗೆ ಇಂಗ್ಲಿಷ್ ಬರಲ್ಲ, ಇವ್ರಿಗೆ ಬರ್ತದೆ, ಇವ್ರೇ ಹೇಳಿದಾರೆ" ಎಂದ. ಅವನು ಗೀಚಿ ತಂದಿದ್ದ ಕಾಗದದಲ್ಲಿ 'ಪ್ಲೀಸ್ ಕಮ್' ಎಂದಿತ್ತು. ಇದು ಜವಾನನನ್ನು ಕರೆದ ಹಾಗಾಯಿತು ಎಂದು ಹೊಡೆದುಹಾಕಿದೆ. "ಕನ್ನಡದಲ್ಲಿ ಆಗಿದ್ರೆ ಎಂತ ಹೇಳ್ತಿದ್ದೆ?" ಎಂದು ಕೇಳಿದೆ. ನೆಲ ನೋಡುತ್ತ ನಿಂತು, "ಬಂದ್ಬಿಡಿ ಅಂತ ಹೇಳ್ತಿದ್ದೆ ಸಾರ್" ಎಂದ. ಅದಕ್ಕೆ ಟರ್ನ್ ಅಪ್‌ಗಿಂತ ಒಳ್ಳೆಯ ಮಾತು ಯಾವುದಿದೆ? ಬೇರೆ ಹಾಳೆಯಲ್ಲಿ ನಾನೇ ನನ್ನ ಕೈಯಾರೆ ಬರೆದುಕೊಟ್ಟೆ.

ಆ ಹುಡುಗಿ ಬರಲಿಲ್ಲವಂತೆ. ಅದು ಬೇರೆ ಮಾತು. ಇಂಗ್ಲಿಷ್ ಮಾತ್ರ ಚೊಕ್ಕವಾಗಿತ್ತು.

ನಿಮ್ಮ,
ವೃಷಭೇಂದ್ರಪ್ಪ


ನರಸಿಂಹರಾಜಪುರ
3 ಸೆಪ್ಟೆಂಬರ್ 2004

ಮೇಷ್ಟ್ರೇ,

ಆ ಚೀಟಿ ನನ್ನ ಹತ್ತಿರ ಇದೆ.

ನೀಲಿ ಇಂಕು. ಗೆರೆ ಎಳೆದ ಹಾಳೆ. 'ಪ್ಲೀಸ್ ಟರ್ನ್ ಅಪ್. ಜಯಪುರ ಬಸ್‌ಸ್ಟ್ಯಾಂಡ್. ಸಂಡೇ, 4.' ಇಷ್ಟೇ. ಈ ಸಲ ಕವರಿನ ಮೇಲೆ ವಿಳಾಸವನ್ನು ನೀವೇ ಇಂಗ್ಲಿಷಿನಲ್ಲಿ ಬರೆದಿದ್ದೀರಿ. ಎರಡನ್ನೂ ಮೆಶಿನ್ನಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಕೈ.

ನಿಮ್ಮ ಶಿಷ್ಯ ಬಸ್ ಕಂಡಕ್ಟರ್ ಆಗಿದ್ದರೇ? ಸೀತೂರಿನ ವಾಸಪ್ಪ ಎಂದು ಹೆಸರೇ? ಅವರೇ ಆಗಿದ್ದರೆ ಮುಂದೆ ಓದಿ. ಅಲ್ಲದಿದ್ದರೆ ಇಲ್ಲಿಗೆ ಹರಿದುಹಾಕಿ.

ಪುರದಿಂದ ಕೊಪ್ಪದ ಮೇಲೆ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಅವರಿದ್ದರು. ಕಂಡಕ್ಟರು ಒಂದು ವಿಷಲ್ ಹೊಡೆದರೆ ಬಸ್ಸು ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ನಮ್ಮ ಅಂಗಡಿ ಮುಂದೆ ಬಂದಾಗ ಅವರು ಇಳಿಯುವವರಿಲ್ಲದಿದ್ದರೂ ಒಂದು ಹೊಡೆಯುತ್ತಿದ್ದರು. ಡ್ರೈವರು ಬ್ರೇಕು ಹಾಕಿ, "ಯಾರೋ ಮಾರಾಯ ಇಳಿಯೋದು?" ಎಂದು ಬೈಯುತ್ತಿದ್ದ. ವಾರಕ್ಕೊಂದು ಗುಂಡಿ ಕಿತ್ತುಕೊಂಡು ಅಂಗಡಿಗೆ ಬರುತ್ತಿದ್ದರು. ಬಸ್ಸಿನಲ್ಲಿ ಅಷ್ಟು ಗುಂಡಿ ಹೇಗೆ ಹೋಗುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ ಕಿವಿ ಕೆಂಪು ಮಾಡಿಕೊಂಡರು. ಕಾಲರ್, ಕಫ್, ಡಾರ್ಟ್ ಎಂದು ನನ್ನ ಕಸುಬಿನ ಹತ್ತು ಮಾತು ಆಡಿ, ನನಗೂ ಇಂಗ್ಲಿಷ್ ಬರುತ್ತದೆ ಎಂದು ನಾನೇ ಹೇಳಿಕೊಂಡಿದ್ದೆ. ಅವರು ನಂಬಿದರು.

ಅವ್ವ ವೀರಬಸಮ್ಮ ಅಂಗಡಿಯ ಒಳಬಾಗಿಲಲ್ಲೇ ಕೂರುತ್ತಿದ್ದಳು. ನನ್ನ ಕೈಗೆ ಬರುವ ಪ್ರತಿ ಕಾಗದವನ್ನೂ ಮೊದಲು ಅವಳು ಓದಬೇಕು. ಜಾತಿ ಬೇರೆ ಎನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

1991ರ ಮಾರ್ಚ್ ಎಂಟು, ಶುಕ್ರವಾರ. ಅವರು ಒಂದು ಖಾಕಿ ಪ್ಯಾಂಟು ತಂದು, "ಜೇಬಲ್ಲಿ ಚೀಟಿ ಉಂಟು. ಅದರಲ್ಲಿದ್ದ ಹಂಗೇ ಮಾಡಿ" ಎಂದು ಹೇಳಿ ಓಡುವ ಹಾಗೆ ಹೋದರು. ಅವ್ವ ಚೀಟಿ ಇಸಿದುಕೊಂಡು ಹಿಂದುಮುಂದು ನೋಡಿದಳು.

"ಎಂತದೇ ಇದು?"

"ಟರ್ನ್ ಅಪ್ ಅವ್ವ. ಕಾಲು ಮಡಿಸ್ಬೇಕಂತೆ."

ಅವ್ವನ ಮುಂದೆ ಇಂಗ್ಲಿಷ್ ಓದಿದೆನೆಂದು ನನಗೆ ಜಂಬ. ಭಾನುವಾರ ನಾಲ್ಕಕ್ಕೆ ಜಯಪುರದಿಂದ ಡ್ಯೂಟಿ ಇರಬೇಕು, ಅಷ್ಟರೊಳಗೆ ಬೇಕು ಎಂದುಕೊಂಡೆ. ಶನಿವಾರವೇ ಹೊಲಿದು ಇಸ್ತ್ರಿ ಮಾಡಿದೆ. ಭಾನುವಾರ ನಾಲ್ಕು ಗಂಟೆಗೆ ಬಾಗಿಲಲ್ಲಿ ನಿಂತು ಅವರಿಗಾಗಿ ಕಾಯುತ್ತಿದ್ದೆ, ಮೇಷ್ಟ್ರೇ. ಇಲ್ಲಿ, ಈ ಬಾಗಿಲಲ್ಲಿ.

ಅವರು ಬರಲಿಲ್ಲ. ಮಾರನೇ ದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರು. ಕೆಲಸ ಬಿಟ್ಟ ಎಂದರು. ಒಂದು ಮಾತೂ ಹೇಳದೆ ಹೋದರಲ್ಲ ಎಂದು ಹದಿಮೂರು ವರ್ಷ ಅವರ ಮೇಲೆ ಸಿಟ್ಟು ಸಾಕಿಕೊಂಡು ಬದುಕಿದೆ. ನೋಡಲು ಬಂದವರನ್ನೆಲ್ಲ ಬೇಡ ಎಂದದ್ದು ಅದೇ ಸಿಟ್ಟಿನಲ್ಲಿ. ಈಗ ನಿಮ್ಮ ಅಂಕಣ ಆ ಸಿಟ್ಟನ್ನೂ ಕಿತ್ತುಕೊಂಡಿತು.

'ಕಮ್' ಎಂದಿದ್ದರೆ ನನಗೆ ಗೊತ್ತಾಗುತ್ತಿತ್ತು. ಅದು ಇಂಗ್ಲಿಷಿನ ಮೊದಲ ಪಾಠದ ಮಾತು.

ಎರಡೇ ಪ್ರಶ್ನೆ. ಅವರು ನನ್ನನ್ನು ಏನೆಂದು ತಿಳಿದು ಹೋದರು? ಈಗ ಎಲ್ಲಿದ್ದಾರೆ?

ನೀಲಾಂಬಿಕೆ


ನರಸಿಂಹರಾಜಪುರ
11 ಅಕ್ಟೋಬರ್ 2004

ಮೇಷ್ಟ್ರೇ,

ಐದು ವಾರವಾಯಿತು. ನಿಮ್ಮಿಂದ ಉತ್ತರವಿಲ್ಲ. ಅಂಕಣವೂ ನಿಂತಿದೆ. ನಿಮ್ಮ ಜಾಗದಲ್ಲಿ ಅಡಿಕೆ ಔಷಧಿಯ ಜಾಹೀರಾತು ಹಾಕಿದ್ದಾರೆ.

ನಾನು ಬೈಯುವುದಕ್ಕೆ ಬರೆಯುತ್ತಿಲ್ಲ. ಇದನ್ನು ಬೇರೆ ಯಾರಿಗೂ ಹೇಳುವಂತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆ ಬಸ್ಸು ನಿಂತು ಎಂಟು ವರ್ಷವಾಯಿತು. ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಈಗ ಆರು ಭಾನುವಾರದಿಂದ ನಾಲ್ಕಕ್ಕೆ ಸರಿಯಾಗಿ ವಿಷಲ್ ಕೇಳುತ್ತಿದೆ. ಒಂದೇ ಒಂದು. ಹೊರಗೆ ಓಡಿ ಬರುತ್ತೇನೆ, ಖಾಲಿ ರಸ್ತೆ. ಎರಡನೆಯ ಸಲ ಹೊಡೆಯಬಹುದು ಎಂದು ನಿಂತಿರುತ್ತೇನೆ. ಹೊರಡುವ ವಿಷಲ್ ಕೇಳುವುದೇ ಇಲ್ಲ. ಅವ್ವನಿಗೆ ಕಿವಿ ಮಂದ, ಅವಳನ್ನು ಕೇಳಿ ಪ್ರಯೋಜನವಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಇದು ನಿಂತುಹೋದರೆ ಎಂದು ಅದಕ್ಕಿಂತ ಹೆಚ್ಚು ಹೆದರಿಕೆ.

ಉತ್ತರ ಕೊಡಿ.

ನೀಲಾಂಬಿಕೆ


ಕೊಪ್ಪ
20 ಅಕ್ಟೋಬರ್ 2004

ನೀಲಾಂಬಿಕೆಯವರಿಗೆ,

ಆರೋಗ್ಯ ಸರಿಯಿರಲಿಲ್ಲ. ಬಿ.ಪಿ. ಏರಿತ್ತು. ಅದರಿಂದ ತಡವಾಯಿತು.

ಹೌದು. ಅವನು ವಾಸಪ್ಪನೇ. ನಿಮ್ಮ ಹೆಸರನ್ನಾಗಲಿ ಊರನ್ನಾಗಲಿ ಅವನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದು ಮೂರೂವರೆಗೇ ಹೋಗಿ ಜಯಪುರದಲ್ಲಿ ಕೂತಿದ್ದನಂತೆ. ಕೊನೆಯ ಬಸ್ಸು ಹೋದ ಮೇಲೆ ನಡೆದು ಬಂದು, ಬೆಳಗ್ಗೆ ನಮ್ಮ ಮನೆಯ ಗೇಟಿನ ಹತ್ತಿರ ನಿಂತು, "ಬರ್ಲಿಲ್ಲ ಸಾರ್" ಎಂದ. ಕಾಫಿ ಕೊಟ್ಟೆ, ಕುಡಿದ. ಮಂಗಳೂರಿನಲ್ಲಿ ಪರಿಚಯದವರ ಹೋಟೆಲಿದೆ, ಅಲ್ಲಿಗೆ ಹೋಗುತ್ತೇನೆ ಎಂದ. ನಿಮ್ಮ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಇದು ಸತ್ಯ. ಬಹಳ ಒಳ್ಳೆಯ ಹುಡುಗನಾಗಿದ್ದ. ಇಂಗ್ಲಿಷಿನಲ್ಲಿ ಮಾತ್ರ ದಡ್ಡ.

ಆಮೇಲಿನದು ನನಗೆ ಹೆಚ್ಚು ತಿಳಿಯದು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಳೆಯ ಮಾತು.

ವೃಷಭೇಂದ್ರಪ್ಪ


ನರಸಿಂಹರಾಜಪುರ
28 ಅಕ್ಟೋಬರ್ 2004

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದ ದಿನ ಅಂಗಡಿ ಬಾಗಿಲು ಹಾಕಿ ಕೂತು ಅತ್ತೆ. ಆಮೇಲೆ ನಗು ಬಂತು. ಸಿಟ್ಟಿರಲಿಲ್ಲ ಎಂದಿರಲ್ಲ, ಅಷ್ಟು ಸಾಕು ಎಂದುಕೊಂಡೆ. ಮಾರನೇ ಬೆಳಗ್ಗೆ ಎದ್ದಾಗ ಅಷ್ಟು ಸಾಕಾಗಲಿಲ್ಲ.

ಆ ಮಂಗಳೂರಿನ ಹೋಟೆಲಿನ ಹೆಸರು ಕಳಿಸಿ. ಅವರಿಗೆ ಮದುವೆಯಾಗಿ ಮಕ್ಕಳಿರಬಹುದು, ಇರಲಿ. ನನಗೆ ಅವರಿಂದ ಏನೂ ಬೇಡ. ನಾನು ಬೇಡ ಎನ್ನಲಿಲ್ಲ, ಓದಿದ್ದು ತಪ್ಪಾಯಿತು, ಅಷ್ಟನ್ನು ಹೇಳಬೇಕು. ಇಂಗ್ಲಿಷಿನಲ್ಲೇ ಬರೆಯಬೇಕೆಂದು ಆಸೆ. 'ಐ ಡಿಡ್ ನಾಟ್ ನೋ. ಐ ವಾಸ್ ಆಲ್ಸೋ ವೇಟಿಂಗ್.' ತಪ್ಪಿದ್ದರೆ ತಿದ್ದಿ ಕಳಿಸಿ.

ಪ್ಯಾಂಟನ್ನು ನಿನ್ನೆ ಒಗೆದು ಇಸ್ತ್ರಿ ಮಾಡಿದೆ. ಅವ್ವ ನೋಡಿ, "ಯಾರದೇ ಅದು?" ಎಂದಳು. "ಗಿರಾಕಿದು ಅವ್ವ" ಎಂದೆ. "ಇನ್ನೂ ಬರ್ಲಿಲ್ವಾ ಅವ್ನು?" ಎಂದಳು. ಅವಳಿಗೆ ನೆನಪಿದೆ, ಮೇಷ್ಟ್ರೇ. ಇಷ್ಟು ವರ್ಷ ಅವಳಿಗೆ ಎಲ್ಲ ನೆನಪಿತ್ತು.

ಇನ್ನೊಂದು ಮಾತು ಕೇಳಲೋ ಬೇಡವೋ ಎಂದು ಎರಡು ದಿನ ಪತ್ರ ಅಂಟಿಸದೆ ಇಟ್ಟುಕೊಂಡಿದ್ದೆ. 'ಒಳ್ಳೆಯ ಹುಡುಗನಾಗಿದ್ದ' ಎಂದು ಬರೆದಿದ್ದೀರಿ. 'ಒಳ್ಳೆಯ ಹುಡುಗ' ಎಂದಿದ್ದರೆ ಸಾಕಿತ್ತು. ನೀವು ವ್ಯಾಕರಣದವರು, ಕಾಲ ತಪ್ಪುವವರಲ್ಲ. ಆಗಿದ್ದ ಎಂದು ಯಾಕೆ ಬರೆದಿರಿ?

ನೀಲಾಂಬಿಕೆ


ಕೊಪ್ಪ
19 ಡಿಸೆಂಬರ್ 2004

ತಾಯೀ,

ನಿಮ್ಮ ಪ್ರಶ್ನೆ ಓದಿದ ದಿನದಿಂದ ಏಳು ಪತ್ರ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ವಾಸಪ್ಪ ಇಲ್ಲ. 1996ರ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಮಲೇರಿಯಾ ಜ್ವರ ಬಂದು ಹೋದ. ಮದುವೆ ಆಗಿರಲಿಲ್ಲ. ಅವನ ಪೆಟ್ಟಿಗೆಯಲ್ಲಿ ಸಿಕ್ಕಿದ ವಿಳಾಸ ನನ್ನದೊಂದೇ ಎಂದು ಹೋಟೆಲಿನವರು ನನಗೆ ಬರೆದರು. ಸೀತೂರಿನಲ್ಲಿ ಅವನವರು ಯಾರೂ ಉಳಿದಿರಲಿಲ್ಲ. ಇದು ನನಗೆ ಎಂಟು ವರ್ಷದಿಂದ ಗೊತ್ತು. ಅವನು ಎಲ್ಲಿದ್ದಾನೆ ಎಂದು ನೀವು ಕೇಳಿದಾಗಲೂ ಗೊತ್ತಿತ್ತು. ಹೇಳಲಿಲ್ಲ.

ಯಾಕೆ ಎಂದರೆ ಇದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಅಂದು ಬೆಳಗ್ಗೆ ಅವನು ಗೇಟಿನ ಹತ್ತಿರ ನಿಂತು 'ಬರ್ಲಿಲ್ಲ' ಎಂದಾಗ, "ಪುರಕ್ಕೆ ಹೋಗಿ ಒಂದ್ಸಲ ಕೇಳ್ಕೊಂಡು ಬರ್ಲಾ ಸಾರ್?" ಎಂದ. ಪುರ ಎಂದು ಅವನ ಬಾಯಿಂದ ಊರು ಬಂದದ್ದು ಆಗಲೇ. ಹೇಳಲಿಲ್ಲ ಎಂದು ನಿಮಗೆ ಬರೆದದ್ದು ಸುಳ್ಳು. ನಾನು ಬೇಡ ಎಂದೆ. "ಆಕೆಗೆ ಇಂಗ್ಲಿಷ್ ಬರ್ತದೆ ಅಂತ ನೀನೇ ಹೇಳಿದ್ದಲ್ವಾ? ಓದಿ ಅರ್ಥ ಆಗೇ ಬರ್ಲಿಲ್ಲ. ಮರ್ಯಾದಸ್ಥರು ಬಾಯಿಬಿಟ್ಟು ಇಲ್ಲ ಅನ್ನೋದಿಲ್ಲ ಮಾರಾಯ" ಎಂದೆ. ನಾನು ಬರೆದ ಸಾಲು ಯಾರಿಗಾದರೂ ಅರ್ಥವಾಗದೆ ಇರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವನು ನನ್ನ ಮಾತು ಮೀರುವವನಲ್ಲ. ಅಲ್ಲಿಂದಲೇ ಹೋದ.

1995ರಲ್ಲಿ ಅವನದೊಂದು ಪತ್ರ ಬಂತು. 'ಸಾರ್, ಟರ್ನ್ ಅಪ್ ಅನ್ನುವುದಕ್ಕೆ ಬೇರೆ ಏನಾದರೂ ಅರ್ಥ ಉಂಟಾ? ಅವರು ಬರದೆ ಇರುವವರಲ್ಲ. ಬೇರೆ ಅರ್ಥ ಇದ್ದರೆ ಊರಿಗೆ ಬಂದು ಒಂದು ಸಲ ಮಾತಾಡಿಸುತ್ತೇನೆ' ಎಂದು ಬರೆದಿದ್ದ. ನಿಘಂಟು ಅಟ್ಟದ ಮೇಲಿತ್ತು. ಹತ್ತು ಮೆಟ್ಟಿಲು. ನಾನು ಹತ್ತಲಿಲ್ಲ. ಗೊತ್ತಿರುವ ಮಾತಿಗೆ ನಿಘಂಟು ಯಾಕೆ ಎಂದು ಒಂದು ಕಾರ್ಡಿನಲ್ಲಿ ಉತ್ತರ ಗೀಚಿದೆ: 'ಒಂದೇ ಅರ್ಥ. ಬರುವುದು. ಮರೆತುಬಿಡು.' ಅವನ ಪೆಟ್ಟಿಗೆಯಿಂದ ಹೋಟೆಲಿನವರು ನನಗೆ ವಾಪಸು ಕಳಿಸಿದ್ದು ಆ ಕಾರ್ಡನ್ನೇ. ಮಡಿಸಿ ಮಡಿಸಿ ನಾಲ್ಕು ತುಂಡಾಗಿತ್ತು.

ನಿಮ್ಮ ಮೊದಲ ಪತ್ರ ಬಂದ ಮೇಲೆ ನಾನು ಅಟ್ಟ ಹತ್ತಿದೆ. ಅಷ್ಟು ಖುಷಿಯಿಂದ ಹತ್ತಿದೆ. ಒಂಬತ್ತು ವರ್ಷ ತಡವಾಗಿ.

ನಿಮಗೆ ವಿಷಲ್ ಕೇಳುತ್ತದೆ ಎಂದಿರಿ. ನನಗೆ ಗೇಟು. ಬೆಳಗ್ಗೆ ಪೇಪರು ಬಿಚ್ಚಿ ಕೂತಾಗ ಗೇಟಿನ ಚಿಲಕ ಸದ್ದಾಗುತ್ತದೆ, ಯಾರೋ "ಸಾರ್" ಎನ್ನುತ್ತಾರೆ. ಮನೆಯಲ್ಲಿ ಬೇರೆ ಯಾರಿಗೂ ಕೇಳುವುದಿಲ್ಲ. ನಾನು ಪೇಪರು ಇಳಿಸುವುದಿಲ್ಲ. ಇಳಿಸಿದರೆ ಏನು ಉತ್ತರ ಕೊಡಲಿ?

ಅವನ ಪತ್ರವೂ ಆ ಕಾರ್ಡೂ ನಿಮಗೆ ಸೇರಬೇಕು. ಅಂಚೆಗೆ ಹಾಕಿ ಕೈ ತೊಳೆದುಕೊಳ್ಳಲು ಮನಸ್ಸಿಲ್ಲ. ಜನವರಿ ಒಂಬತ್ತು, ಭಾನುವಾರ, ನಾಲ್ಕು ಗಂಟೆಗೆ ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ದಯವಿಟ್ಟು ಬನ್ನಿ. ಬಂದು ಎದುರಿಗೇ ಬೈಯಿರಿ.

ವೃಷಭೇಂದ್ರಪ್ಪ


ನರಸಿಂಹರಾಜಪುರ
11 ಜನವರಿ 2005

ಮೇಷ್ಟ್ರೇ,

ನಾನು ಬಂದಿದ್ದೆ.

ಮಧ್ಯಾಹ್ನದ ಊಟವಾದ ಮೇಲೆ ಅವ್ವನಿಗೆ ಶೃಂಗೇರಿಗೆ ಎಂದು ಹೇಳಿ ಹೊರಟೆ. ಅವಳು ಮುಖ ನೋಡಿ, "ಹೋಗ್ಬಾ" ಎಂದಳು. ಯಾರ ಜೊತೆ, ಯಾಕೆ ಎಂದು ಕೇಳಲಿಲ್ಲ. ಹದಿಮೂರು ವರ್ಷದ ಹಿಂದೆ ಹಾಗೆ ಹೇಳಿದ್ದರೆ ಎಂದುಕೊಂಡು ಬಸ್ಸು ಹತ್ತಿದೆ. ಕೊಪ್ಪದಲ್ಲಿ ಬಸ್ಸು ಬದಲಿಸಿ ಜಯಪುರಕ್ಕೆ ಬಂದಾಗ ನಾಲ್ಕಕ್ಕೆ ಐದು ನಿಮಿಷ.

ಕಿಟಕಿಯಿಂದಲೇ ನಿಮ್ಮ ಗುರುತು ಹತ್ತಿತು. ಪಂಚೆ, ಕೋಟು. ಮೊಣಕಾಲಿನ ಮೇಲೆ ಕಂದು ಕವರು, ಅದರ ಮೇಲೆ ಎರಡೂ ಕೈ. ಬಸ್ಸು ಬಂದ ಕೂಡಲೇ ಅರ್ಧ ಎದ್ದಿರಿ. ಇಳಿದವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದಿರಿ. ಹೆಂಗಸರು ಇಳಿದಾಗ ಕವರನ್ನು ಸ್ವಲ್ಪ ಮುಂದೆ ಹಿಡಿದಿರಿ. ಕೊನೆಯವರು ಇಳಿದ ಮೇಲೂ ಬಾಗಿಲನ್ನು ನೋಡುತ್ತಾ ನಿಂತಿದ್ದಿರಿ.

ನಾನು ಇಳಿಯಬೇಕೆಂದೇ ಬಂದವಳು. ಚೀಲ ಕೈಯಲ್ಲಿತ್ತು. ಆದರೆ ನಿಮ್ಮನ್ನು ಕಂಡಾಗ ಅವರು ಕಂಡರು. ಅವರೂ ಹೀಗೇ ಅರ್ಧ ಎದ್ದಿರುತ್ತಾರೆ, ಹೀಗೇ ಪ್ರತಿ ಮುಖ ನೋಡಿರುತ್ತಾರೆ. ಅದನ್ನು ನೋಡಲು ಅಂದು ಅಲ್ಲಿ ನಾನಿರಲಿಲ್ಲ. ನಿಮ್ಮ ಮೇಲೂ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಒಬ್ಬರಾದರೂ ಆ ಬೆಂಚಿನ ಮೇಲೆ ಕೂತು ಅದು ಏನೆಂದು ತಿಳಿಯಲಿ ಅನಿಸಿತು. "ಇಳಿಯೋರು ಇದ್ದೀರಾ?" ಎಂದು ಕಂಡಕ್ಟರು ಕೇಳಿದ. ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಅವನು ಎರಡು ವಿಷಲ್ ಹೊಡೆದ. ಬಸ್ಸು ಹೊರಟಿತು.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿದೆ. ನೀವು ಎದ್ದು ಹೋಗಿರುತ್ತೀರಿ ಎಂದುಕೊಂಡೆ. ಮರಳಿ ಬರುವಾಗ ಆರೂವರೆ ಆಗಿತ್ತು. ನೀವು ಅದೇ ಬೆಂಚಿನ ಮೇಲಿದ್ದಿರಿ. ಈ ಸಲ ಬಸ್ಸು ಬಂದಾಗ ಏಳಲಿಲ್ಲ, ತಲೆ ಮಾತ್ರ ಎತ್ತಿದಿರಿ. ಆಗ ನನಗೆ ನಿಮ್ಮ ಮೇಲಿದ್ದ ಸಿಟ್ಟೆಲ್ಲ ಹೋಯಿತು. ಆದರೂ ಇಳಿಯಲಿಲ್ಲ. ವಯಸ್ಸಾದವರನ್ನು ಹಾಗೆ ಕೂರಿಸಿದ್ದು ತಪ್ಪು. ಕ್ಷಮಿಸಿ ಎಂದು ಕೇಳುವುದಿಲ್ಲ, ತಪ್ಪು ಎಂದು ಗೊತ್ತಿದೆ ಅಂತ ಹೇಳುತ್ತಿದ್ದೇನೆ.

ಅವರ ಪತ್ರವನ್ನು ಅಂಚೆಯಲ್ಲಿ ಕಳಿಸಿ. ನಿಮ್ಮ ಕಾರ್ಡು ಬೇಡ, ಅದು ನಿಮ್ಮಲ್ಲೇ ಇರಲಿ. ಗೇಟಿನ ಹತ್ತಿರ ಸಾರ್ ಎಂದು ಕೇಳಿದರೆ ಪೇಪರು ಇಳಿಸಿ, ಮೇಷ್ಟ್ರೇ. ನಿಘಂಟಿನಲ್ಲಿ ಇನ್ನೊಂದು ಅರ್ಥ ಇತ್ತು ಎಂದು ಹೇಳಿ. ಅವರು ನಿಮ್ಮ ಹತ್ತಿರ ಬರುತ್ತಿರುವುದು ಅದನ್ನು ಕೇಳುವುದಕ್ಕೇ ಇರಬೇಕು. ನನ್ನ ಇಂಗ್ಲಿಷಿನ ಎರಡು ವಾಕ್ಯವನ್ನು ನೀವು ಇನ್ನೂ ತಿದ್ದಿ ಕಳಿಸಿಲ್ಲ. ಸರಿಯಿದ್ದರೆ ಅದನ್ನೂ ಅವರಿಗೆ ಓದಿ ಹೇಳಿ.

ನಿನ್ನೆ ಆ ಪ್ಯಾಂಟಿನ ಮಡಿಕೆ ಬಿಚ್ಚಿದೆ. ಹೊರಗಿನ ಬಟ್ಟೆ ಮಾಸಿ ಬಿಳಿಚಿದೆ. ಮಡಿಕೆಯ ಒಳಗೆ ಎರಡು ಇಂಚು ಮಾತ್ರ ಅಂದು ತಂದುಕೊಟ್ಟ ಬಣ್ಣದಲ್ಲೇ ಇದೆ. ಅಳತೆ ಪುಸ್ತಕದಲ್ಲಿ ಅವರ ಪುಟ ತೆಗೆದೆ. ಹಿಂದೊಮ್ಮೆ ಅವರಿಗೆ ಪ್ಯಾಂಟು ಹೊಲಿದಾಗ ತೆಗೆದ ಅಳತೆ, ಉದ್ದ ನಲವತ್ತು ಎಂದು ನನ್ನ ಕೈಯಲ್ಲೇ ಬರೆದಿದೆ. ಬಿಚ್ಚಿದ ಪ್ಯಾಂಟಿಗೆ ಟೇಪು ಹಿಡಿದೆ. ನಲವತ್ತೇ ಇತ್ತು.

ಅಂದು ನಾನು ಪುಸ್ತಕ ತೆಗೆಯಲಿಲ್ಲ, ಟೇಪನ್ನೂ ಹಿಡಿಯಲಿಲ್ಲ. ಚೀಟಿಯನ್ನು ನಂಬಿ ಹೊಲಿದುಬಿಟ್ಟೆ. ಆ ಪ್ಯಾಂಟು ಅವರಿಗೆ ಸರಿಯಾಗೇ ಇತ್ತು, ಮೇಷ್ಟ್ರೇ. ಅದರಲ್ಲಿ ನಾನು ಮಾಡಬೇಕಾದ ಕೆಲಸ ಏನೂ ಇರಲಿಲ್ಲ.

ನೀಲಾಂಬಿಕೆ